ಚಾಸಿಯ ಮೇಲಿನ ಗೆರೆ: ಭಾರ ಹೊತ್ತ ಗಾಡಿಯೊಂದಿಗೆ ಎರಡು ಪ್ರಯಾಣ

ಮೂರನೆಯ ದಿನದ ಸಂಜೆ ಗಾಡಿಯ ಕೆಳಗೆ ಅಂಗಾತ ಮಲಗಿ, ಟಾರ್ಚ್ ಹಿಡಿದು ನೋಡುತ್ತಿದ್ದಾಗ ಬಲಗಡೆಯ ಹಿಂದಿನ ಚಕ್ರದ ನೇರಕ್ಕೆ, ಗಾಡಿಯ ಭಾರವನ್ನೆಲ್ಲ ಹೊರುವ ಉಕ್ಕಿನ ಚೌಕಟ್ಟಾದ ಚಾಸಿಯ ಒಳಮೈಯಲ್ಲಿ ಒಂದು ಗೆರೆ ಕಂಡಿತು. ಕೆಸರು ಒಣಗಿ ಉಳಿದ ಕಲೆ ಇರಬೇಕು ಎಂದುಕೊಂಡು ಬಟ್ಟೆಯಿಂದ ಒರೆಸಿದೆ. ಗೆರೆ ಹೋಗಲಿಲ್ಲ. ಚಾಸಿಯ ಮೇಲಂಚಿನಿಂದ ಹೊರಟು ಕೆಳಮುಖವಾಗಿ ಹೆಬ್ಬೆರಳಿನಷ್ಟು ಉದ್ದಕ್ಕೆ ಇಳಿದಿದ್ದ ಅದು ಕೂದಲೆಳೆಯಷ್ಟೇ ದಪ್ಪವಿತ್ತು; ಅದರ ಎರಡೂ ಬದಿಗೆ ಕುಂಕುಮದಷ್ಟು ನುಣ್ಣನೆಯ ಕೆಂಪು ತುಕ್ಕಿನ ಪುಡಿ ಹರಡಿಕೊಂಡಿತ್ತು. ಬಿರುಕು ಬಿಟ್ಟ ಕಬ್ಬಿಣದ ಎರಡು ಮುಖಗಳು ಒಂದನ್ನೊಂದು ಉಜ್ಜುತ್ತಿದ್ದಾಗ ಮಾತ್ರ ಅಂಥ ಪುಡಿ ಬರುತ್ತದೆ ಎಂಬುದು ನನಗೆ ಗೊತ್ತಿತ್ತು. ಹೀಗಾಗಿ ಇನ್ನೊಮ್ಮೆ ಒರೆಸಿ ನೋಡುವ ಅಗತ್ಯವೇ ಇರಲಿಲ್ಲ. ನಾನು ಹೊರಗೆ ಬಂದು, ಊಟಕ್ಕೆ ಸಿದ್ಧತೆ ಮಾಡುತ್ತಿದ್ದ ಹೆಂಡತಿಗೆ, ನಾಳೆ ನಾವು ಮುಂದಕ್ಕೆ ಹೋಗುವುದಿಲ್ಲ ಎಂದು ಹೇಳಿದೆ.

ಆ ಗೆರೆ ಅಲ್ಲಿಗೆ ಹೇಗೆ ಬಂತು ಎಂಬುದನ್ನು ಹೇಳಬೇಕಾದರೆ ಎರಡು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಗಾಡಿಯನ್ನು ಕೊಂಡಾಗ ಅದು ಏಣಿಯಾಕಾರದ ಚಾಸಿ, ಮುಂದೆ ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್, ಹಿಂದೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್ ಇದ್ದ ಸಾಮಾನ್ಯ ಫೋರ್ ವೀಲ್ ಡ್ರೈವ್ ಆಗಿತ್ತು. ಖಾಲಿ ಗಾಡಿಯ ತೂಕ 2150 ಕೆ.ಜಿ.; ಸಾಮಾನು, ಜನ, ಇಂಧನ ಎಲ್ಲ ಸೇರಿ ತಯಾರಕರು ಒಪ್ಪಿದ ಗರಿಷ್ಠ ತೂಕ 3000 ಕೆ.ಜಿ. ಎಂದು ಬಾಗಿಲ ಕಂಬದ ಮೇಲಿನ ಪಟ್ಟಿಯಲ್ಲಿ ಬರೆದಿತ್ತು. ಹಿಂದಿನ ಆಕ್ಸಲ್‌ಗೆ (ಎರಡು ಚಕ್ರಗಳನ್ನು ಜೋಡಿಸುವ ಅಚ್ಚಿಗೆ) 1800, ಮುಂದಿನದಕ್ಕೆ 1400 ಕೆ.ಜಿ. ಮಿತಿ ಎಂದೂ ಅದೇ ಪಟ್ಟಿಯಲ್ಲಿತ್ತು. ಅದನ್ನು ನಾನು ಓದಿದ್ದೆ, ಆದರೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೊದಲು ಮುಂದುಗಡೆ ಉಕ್ಕಿನ ಬುಲ್‌ಬಾರ್ ಮತ್ತು ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರವಾದ ವಿಂಚ್ ಬಂದವು. ಆಮೇಲೆ ಮಾಡಿನ ಮೇಲೆ ಕ್ಯಾರಿಯರ್, ಅದರ ಮೇಲೆ ಮಡಚುವ ಡೇರೆ. ಹಿಂಭಾಗದಲ್ಲಿ ಉಕ್ಕಿನ ಡ್ರಾಯರ್‌ಗಳು, ಫ್ರಿಜ್, ಎರಡು ದೊಡ್ಡ ಬ್ಯಾಟರಿ, 80 ಲೀಟರ್ ನೀರಿನ ಟ್ಯಾಂಕು. ಕೊನೆಗೆ ಹಿಂಬಾಗಿಲ ಆಚೆಗೆ ತೂಗುವ ಚೌಕಟ್ಟಿನಲ್ಲಿ ಎರಡನೆಯ ಸ್ಟೆಪ್ನಿ. ಒಂದೊಂದನ್ನೂ ಹಾಕಿಸುವಾಗ ನನಗೆ ಅದರ ಅಗತ್ಯ ಮಾತ್ರ ಕಾಣುತ್ತಿತ್ತು. ಒಂದೊಂದೂ ತನ್ನ ಮಟ್ಟಿಗೆ ಸರಿಯಾದ ವಸ್ತುವೇ ಆಗಿದ್ದರಿಂದ, ಯಾವುದನ್ನೂ ಬೇಡ ಎನ್ನಲು ನನಗೆ ಕಾರಣ ಸಿಗಲಿಲ್ಲ.

ಗಾಡಿಯ ಹಿಂಭಾಗ ಕುಳಿತುಬಿಟ್ಟಿದ್ದು ಕಣ್ಣಿಗೇ ಕಾಣುತ್ತಿತ್ತು. ರಾತ್ರಿ ಹೊತ್ತು ಎದುರಿನಿಂದ ಬರುವವರು ಪದೇಪದೇ ಲೈಟು ಮಿನುಗಿಸುತ್ತಿದ್ದರು, ಏಕೆಂದರೆ ಹಿಂಭಾಗ ಕೆಳಗಿಳಿದರೆ ಹೆಡ್‌ಲೈಟ್ ಮೇಲಕ್ಕೆ ನೋಡುತ್ತದೆ. ಆಗ ನಾನು ಹೆಚ್ಚು ಭಾರಕ್ಕೆಂದೇ ಮಾಡಿದ ಗಟ್ಟಿ ಲೀಫ್ ಸ್ಪ್ರಿಂಗ್ ಹಾಕಿಸಿದೆ. ಅದೂ ಸಾಲದೆಂದು ಆಕ್ಸಲ್ ಮತ್ತು ಚಾಸಿಯ ನಡುವೆ, ಒಂದಕ್ಕೊಂದು ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ಇದ್ದ ಜಾಗದಲ್ಲಿ, ಗಾಳಿ ತುಂಬುವ ರಬ್ಬರ್ ಚೀಲಗಳನ್ನು ಕೂರಿಸಿದೆ. ಗಾಡಿ ನೆಟ್ಟಗೆ ನಿಂತಿತು, ನೋಡಲು ಅಂದವಾಯಿತು, ಓಡಿಸಲು ಹಿತವಾಯಿತು. ಸಮಸ್ಯೆ ಬಗೆಹರಿಯಿತೆಂದು ನಾನು ನಂಬಿದೆ. ಈಗ ಯೋಚಿಸಿದರೆ, ಗಾಡಿ ನನಗೆ ಕೊಡುತ್ತಿದ್ದ ಒಂದೇ ಒಂದು ಸೂಚನೆಯನ್ನು ನಾನೇ ಬಾಯಿ ಮುಚ್ಚಿಸಿದ್ದೆ.

ಲೀಫ್ ಸ್ಪ್ರಿಂಗ್ ತನ್ನ ಎರಡು ತುದಿಗಳಲ್ಲಿ, ಅಂದರೆ ಆಕ್ಸಲ್‌ನ ಮುಂದೊಂದು ಹಿಂದೊಂದು ಕಡೆ, ಚಾಸಿಗೆ ಭಾರವನ್ನು ಹಂಚುತ್ತದೆ, ಮತ್ತು ಆ ಚಾಸಿಯನ್ನು ವಿನ್ಯಾಸ ಮಾಡಿದವರು ಅದೇ ಎರಡು ಬಿಂದುಗಳನ್ನು ಲೆಕ್ಕದಲ್ಲಿಟ್ಟುಕೊಂಡಿರುತ್ತಾರೆ. ಗಾಳಿ ಚೀಲವಾದರೋ ಆಕ್ಸಲ್‌ನ ನೇರ ಮೇಲೆ, ಒಂದೇ ಬಿಂದುವಿನಲ್ಲಿ, ಚಾಸಿಯನ್ನು ಮೇಲಕ್ಕೆ ಒತ್ತುತ್ತದೆ. ಹಿಂಬಾಗಿಲಾಚೆ ತೂಗುವ ಭಾರ ಬಾಲವನ್ನು ಕೆಳಕ್ಕೆ ಎಳೆಯುತ್ತದೆ, ಚೀಲ ನಡುವನ್ನು ಮೇಲಕ್ಕೆ ನೂಕುತ್ತದೆ; ಮೊಣಕಾಲಿಗೆ ಆನಿಸಿ ಕಡ್ಡಿ ಮುರಿಯುವ ಹಾಗೆ ಚಾಸಿಯ ಮೇಲಂಚು ಪ್ರತಿ ಗುಂಡಿಗೂ ಹಿಗ್ಗುತ್ತದೆ. ನನ್ನ ಗಾಡಿಯ ಗೆರೆ ಮೇಲಂಚಿನಿಂದಲೇ ಶುರುವಾಗಿದ್ದಕ್ಕೆ ಕಾರಣ ಅದು. ನೆರಿಗೆಗಟ್ಟಿದ ಕಚ್ಚಾ ರಸ್ತೆಯಲ್ಲಿ ಮೂರು ದಿನ ಓಡಿಸಿದ್ದೆ. ಅಂಥ ರಸ್ತೆಯಲ್ಲಿ ಒಂದೊಂದು ನೆರಿಗೆಯೂ ಒಂದೊಂದು ಹೊಡೆತ, ಒಂದು ಕಿಲೋಮೀಟರಿಗೆ ಸಾವಿರಕ್ಕೂ ಮೀರಿದ ಹೊಡೆತ.

ಮರುದಿನ ಬೆಳಿಗ್ಗೆ ಚೀಲಗಳ ಗಾಳಿ ಬಿಟ್ಟೆವು, ಕುಡಿಯಲು ಬೇಕಾದಷ್ಟನ್ನು ಇಟ್ಟುಕೊಂಡು ಉಳಿದ ನೀರನ್ನು ಚೆಲ್ಲಿದೆವು, ಹಿಂದಿದ್ದ ಸ್ಟೆಪ್ನಿಯನ್ನು ಬಿಚ್ಚಿ ಮುಂದಿನ ಸೀಟಿನ ಹಿಂಬದಿಗೆ ತಂದು ಬಿಗಿದೆವು, ಮತ್ತು ನಡಿಗೆಗಿಂತ ಸ್ವಲ್ಪವೇ ಹೆಚ್ಚಿನ ವೇಗದಲ್ಲಿ ವಾಪಸ್ ಹೊರಟೆವು. ಪ್ರತಿ ಹತ್ತು ಕಿಲೋಮೀಟರಿಗೊಮ್ಮೆ ನಾನು ಕೆಳಗೆ ಇಳಿದು ಗೆರೆಯ ತುದಿಗೆ ಚಾಕ್‌ನಿಂದ ಗುರುತು ಮಾಡುತ್ತಿದ್ದೆ. ವರ್ಕ್‌ಶಾಪ್ ತಲುಪುವ ಹೊತ್ತಿಗೆ ಮೊದಲ ಮತ್ತು ಕೊನೆಯ ಗುರುತುಗಳ ನಡುವೆ ಒಂದು ಬೆರಳಿನ ಅಗಲ ಬಿದ್ದಿತ್ತು.

ಅಲ್ಲಿನ ಹಿರಿಯ ಮೆಕ್ಯಾನಿಕ್ ಮಾಡಿದ ಕೆಲಸವನ್ನು ನಾನು ಪಕ್ಕದಲ್ಲೇ ಕುಳಿತು ನೋಡಿದೆ. ಮೊದಲು ಅವರು ಬ್ಯಾಟರಿಯ ಸಂಪರ್ಕ ತೆಗೆದರು, ಏಕೆಂದರೆ ವೆಲ್ಡಿಂಗ್‌ನ ವಿದ್ಯುತ್ತು ಗಾಡಿಯ ಎಲೆಕ್ಟ್ರಾನಿಕ್ ಭಾಗಗಳನ್ನು ಹಾಳುಮಾಡಬಲ್ಲದು. ಬಣ್ಣ ಕೆರೆದು ಬಿರುಕಿನ ನಿಜವಾದ ತುದಿಯನ್ನು ಹುಡುಕಿದರು. ಅದು ನಾನು ಗುರುತಿಸಿದ್ದಕ್ಕಿಂತ ಮುಂದಿತ್ತು. ಆ ತುದಿಯಲ್ಲಿ ಸಣ್ಣದೊಂದು ರಂಧ್ರ ಕೊರೆದರು. ಚೂಪಾದ ತುದಿಯಲ್ಲಿ ಒತ್ತಡವೆಲ್ಲ ಒಟ್ಟಾಗುವುದರಿಂದ ಬಿರುಕು ಮುಂದುವರಿಯುತ್ತದೆ, ದುಂಡಗಿನ ರಂಧ್ರ ಆ ಒತ್ತಡವನ್ನು ಸುತ್ತಲೂ ಹಂಚಿ ಅದನ್ನು ತಡೆಯುತ್ತದೆ. ಬಿರುಕನ್ನು ಗ್ರೈಂಡರ್‌ನಿಂದ ತೋಡು ಮಾಡಿ, ತಳದಿಂದ ಬೆಸುಗೆ ತುಂಬಿಸಿ, ಸಮ ಮಾಡಿ, ಮೇಲೆ ಒಂದು ಉಕ್ಕಿನ ಪಟ್ಟಿಯನ್ನು ಕೂರಿಸಿದರು. ಆ ಪಟ್ಟಿಯ ಎರಡೂ ತುದಿಗಳನ್ನು ಅವರು ನೇರವಾಗಿ ಕತ್ತರಿಸದೆ ಓರೆಯಾಗಿ ಕತ್ತರಿಸಿದ್ದರು. ನೇರವಾಗಿ ಅಡ್ಡಲಾಗಿ ಬೆಸುಗೆ ಹಾಕಿದರೆ ಮುಂದಿನ ಬಿರುಕು ಆ ಬೆಸುಗೆಯ ಅಂಚಿನಲ್ಲೇ ಹುಟ್ಟುತ್ತದಂತೆ. ಗಾಳಿ ಚೀಲಗಳನ್ನು ಬಿಚ್ಚಿ ನನ್ನ ಕೈಗೆ ಕೊಡುತ್ತಾ ಅವರು ಕೇಳಿದ್ದು ಒಂದೇ ಮಾತು: “ಸ್ಪ್ರಿಂಗ್ ಬದಲಾಯಿಸಿದ್ದೀರಿ, ಸರಿ. ಆಕ್ಸಲ್ ಹಳೆಯದೇ, ಬೇರಿಂಗ್ ಹಳೆಯದೇ, ಬ್ರೇಕ್ ಹಳೆಯದೇ, ಚಾಸಿಯೂ ಹಳೆಯದೇ. ಗಾಡಿ ಎಷ್ಟು ತೂಗುತ್ತದೆ?” ನನ್ನ ಬಳಿ ಉತ್ತರ ಇರಲಿಲ್ಲ.

ಅಂದು ಸಂಜೆ ಎಲ್ಲ ಸಾಮಾನನ್ನೂ ಮೊದಲಿದ್ದ ಹಾಗೆಯೇ ತುಂಬಿ, ಟ್ಯಾಂಕುಗಳನ್ನು ಭರ್ತಿ ಮಾಡಿ, ಇಬ್ಬರೂ ಒಳಗೆ ಕುಳಿತು, ಗಾಡಿಗಳನ್ನು ತೂಗುವ ವೇಬ್ರಿಜ್‌ಗೆ ಹೋದೆವು. ಮೊದಲು ಮುಂದಿನ ಎರಡು ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ತೂಗಿದೆವು, ಆಮೇಲೆ ಇಡೀ ಗಾಡಿಯನ್ನು, ಕೊನೆಗೆ ಹಿಂದಿನ ಚಕ್ರಗಳನ್ನು ಮಾತ್ರ. ಮುಂದೆ 1250, ಹಿಂದೆ 1970, ಒಟ್ಟು 3220. ನಾನು ಮನಸ್ಸಿನಲ್ಲಿ ಅಂದಾಜು ಮಾಡಿಕೊಂಡಿದ್ದು 2800. ಒಟ್ಟು ಮಿತಿಗಿಂತ 220 ಕೆ.ಜಿ. ಹೆಚ್ಚು, ಹಿಂದಿನ ಆಕ್ಸಲ್ ಮೇಲೆ 170 ಕೆ.ಜಿ. ಹೆಚ್ಚು. ಗಟ್ಟಿ ಸ್ಪ್ರಿಂಗ್ ಹಾಕಿಸಿದ ಮಾತ್ರಕ್ಕೆ ಬಾಗಿಲ ಕಂಬದ ಮೇಲಿನ ಅಂಕಿ ಬದಲಾಗುವುದಿಲ್ಲ. ಕೆಲವು ದೇಶಗಳಲ್ಲಿ ಪರೀಕ್ಷೆ ಮಾಡಿಸಿ, ಪ್ರಮಾಣಪತ್ರ ಪಡೆದು ಮಿತಿಯನ್ನು ಅಧಿಕೃತವಾಗಿ ಏರಿಸಿಕೊಳ್ಳಲು ಅವಕಾಶವಿದೆ. ಅದಿಲ್ಲದಿದ್ದರೆ ಆ ಗಾಡಿ ಕಾನೂನಿನ ಕಣ್ಣಿನಲ್ಲಿ ಮಿತಿಮೀರಿದ ಭಾರದ ಗಾಡಿಯೇ, ಮತ್ತು ಅಪಘಾತವಾದರೆ ವಿಮೆಯವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದಾಗಬಹುದು.

ಮನೆಗೆ ಬಂದವನು ಗಾಡಿಯನ್ನು ಪೂರ್ತಿ ಖಾಲಿ ಮಾಡಿ, ಒಂದೊಂದು ವಸ್ತುವನ್ನೂ ತಕ್ಕಡಿಯ ಮೇಲಿಟ್ಟು ತೂಗಿ, ನೋಟ್‌ಬುಕ್ಕಿನಲ್ಲಿ ಬರೆದೆ. ತೂಕದ ಪಕ್ಕದಲ್ಲಿ ಇನ್ನೊಂದು ಅಂಕಣ ಹಾಕಿ, ಹಿಂದಿನ ಆಕ್ಸಲ್‌ನಿಂದ ಅದು ಎಷ್ಟು ದೂರದಲ್ಲಿ ಕೂರುತ್ತದೆ ಎಂಬುದನ್ನೂ ಅಳೆದು ಬರೆದೆ. ಈ ಎರಡನೆಯ ಅಂಕಣದಿಂದ ನನಗೆ ತಿಳಿದದ್ದು ಮೊದಲನೆಯದರಿಂದ ತಿಳಿದದ್ದಕ್ಕಿಂತ ಹೆಚ್ಚು. ಹಿಂಬಾಗಿಲಾಚೆಯ ಸ್ಟೆಪ್ನಿ ಮತ್ತು ಅದರ ಚೌಕಟ್ಟು ಸೇರಿ 75 ಕೆ.ಜಿ., ಆಕ್ಸಲ್‌ನಿಂದ 1.2 ಮೀಟರ್ ಹಿಂದೆ. ಮುಂದಿನ ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ 2.85 ಮೀಟರ್. ಸನ್ನೆಗೋಲಿನ ಲೆಕ್ಕ ಹಾಕಿದರೆ, ಆ 75 ಕೆ.ಜಿ. ಹಿಂದಿನ ಆಕ್ಸಲ್ ಮೇಲೆ ಸುಮಾರು 107 ಕೆ.ಜಿ.ಯಾಗಿ ಬೀಳುತ್ತಿತ್ತು, ಮತ್ತು ಮುಂದಿನ ಆಕ್ಸಲ್‌ನಿಂದ ಸುಮಾರು 32 ಕೆ.ಜಿ.ಯನ್ನು ಎತ್ತಿ ತೆಗೆಯುತ್ತಿತ್ತು. ಸ್ಟೀರಿಂಗ್ ಹಗುರವಾಗಿ, ತಿರುವಿನಲ್ಲಿ ಮೂತಿ ಹೊರಗೆ ಜಾರಿದಂತೆ ಅನ್ನಿಸುತ್ತಿದ್ದುದು ಏಕೆ ಎಂಬುದಕ್ಕೂ ಉತ್ತರ ಅಲ್ಲಿಯೇ ಸಿಕ್ಕಿತು.

ಎರಡನೆಯ ಸ್ಟೆಪ್ನಿಯನ್ನು ಚೌಕಟ್ಟಿನೊಂದಿಗೆ ತೆಗೆದೆ. ಬದಲಿಗೆ ಪಂಕ್ಚರ್ ಹಾಕುವ ಒಳ್ಳೆಯ ಕಿಟ್ಟು ಇಟ್ಟುಕೊಂಡೆ, ಅದನ್ನು ಬಳಸುವುದನ್ನು ಹಳೆಯ ಟೈರಿಗೆ ನಾನೇ ಮೊಳೆ ಹೊಡೆದು ಅಭ್ಯಾಸ ಮಾಡಿದೆ. ಮಾಡಿನ ಕ್ಯಾರಿಯರ್ ಮತ್ತು ಡೇರೆ ಸೇರಿ 95 ಕೆ.ಜಿ. ಇತ್ತು, 15 ಕೆ.ಜಿ.ಯ ನೆಲದ ಡೇರೆ ಆ ಜಾಗಕ್ಕೆ ಬಂತು. ಮಾಡಿನ ಮೇಲಿನ ಭಾರ ಗಾಡಿಯ ಗುರುತ್ವ ಕೇಂದ್ರವನ್ನೇ ಮೇಲಕ್ಕೆ ಎತ್ತುವುದರಿಂದ, ಅಡ್ಡ ಇಳಿಜಾರಿನಲ್ಲಿ ಆ 80 ಕೆ.ಜಿ.ಯ ವ್ಯತ್ಯಾಸ ಎಷ್ಟು ಧೈರ್ಯ ಕೊಡುತ್ತದೆ ಎಂಬುದು ತೆಗೆದ ಮೇಲಷ್ಟೇ ತಿಳಿಯಿತು. ತಲಾ 30 ಕೆ.ಜಿ.ಯ ಎರಡು ಬ್ಯಾಟರಿಗಳಿಗೆ ಬದಲು 12 ಕೆ.ಜಿ.ಯ ಒಂದು ಲಿಥಿಯಂ ಬ್ಯಾಟರಿ ಹಾಕಿಸಿದೆ. ಹಳೆಯವು ಬಾಳಿಕೆ ಬರಬೇಕಾದರೆ ಅರ್ಧದಷ್ಟನ್ನೇ ಬಳಸಬೇಕಿತ್ತು, ಇದನ್ನು ಹೆಚ್ಚುಕಡಿಮೆ ಪೂರ್ತಿ ಬಳಸಬಹುದು. ಉಕ್ಕಿನ ಡ್ರಾಯರ್‌ಗಳು ಹೋಗಿ ಪ್ಲೈವುಡ್ ಪೆಟ್ಟಿಗೆಗಳು ಬಂದವು. ವಿಂಚ್‌ನ ಉಕ್ಕಿನ ಹಗ್ಗದ ಬದಲು ಸಿಂಥೆಟಿಕ್ ಹಗ್ಗ ಸುತ್ತಿಸಿದೆ. ನೀರಿನ ಟ್ಯಾಂಕನ್ನು ಮಾತ್ರ ಚಿಕ್ಕದು ಮಾಡಲಿಲ್ಲ, ಏಕೆಂದರೆ ನೀರಿನಲ್ಲಿ ಉಳಿತಾಯ ಮಾಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಆದರೆ ಅದನ್ನು ಬಾಲದಿಂದ ತೆಗೆದು ಮುಂದಿನ ಸೀಟುಗಳ ಹಿಂದೆ, ನೆಲಕ್ಕೆ ತಾಗಿಸಿ ಕೂರಿಸಿದೆ.

ಮತ್ತೆ ವೇಬ್ರಿಜ್‌ಗೆ ಹೋದಾಗ ಒಟ್ಟು 2950 ಬಂತು. ಅದಕ್ಕಿಂತ ಸಂತೋಷವಾದದ್ದು ಹಂಚಿಕೆಯನ್ನು ನೋಡಿ: ಹಿಂದೆ 1970 ಇದ್ದದ್ದು 1670ಕ್ಕೆ ಇಳಿದಿತ್ತು, ಮುಂದೆ ಮಾತ್ರ 1250 ಇದ್ದದ್ದು 1280ಕ್ಕೆ ಏರಿತ್ತು. ಗಾಡಿಯಿಂದ 270 ಕೆ.ಜಿ. ಹೊರಹೋಗಿದ್ದರೂ ಮುಂದಿನ ಚಕ್ರಗಳಿಗೆ ಅವುಗಳ ಪಾಲಿನ ಭಾರ ವಾಪಸ್ ಸಿಕ್ಕಿತ್ತು. ಸ್ಟೀರಿಂಗ್ ಚಕ್ರ ಹಿಡಿದ ಮೊದಲ ತಿರುವಿನಲ್ಲೇ ಅದು ಕೈಗೆ ತಿಳಿಯಿತು.

ಸ್ಪ್ರಿಂಗ್‌ಗಳನ್ನು ಈಗಿನ ತೂಕಕ್ಕೆ ಹೊಂದುವಂಥವಕ್ಕೆ ಬದಲಾಯಿಸಿದೆ. ಅವು ಹಳೆಯವುಗಳಿಗಿಂತ ಮೆದು. ಅನಗತ್ಯವಾಗಿ ಗಟ್ಟಿಯಾದ ಸ್ಪ್ರಿಂಗ್ ತಾನು ಬಾಗದೆ ಹೊಡೆತವನ್ನು ಚಾಸಿಗೆ ದಾಟಿಸುತ್ತದೆ ಎಂಬ ಸರಳ ಸತ್ಯವನ್ನು ನಾನು ದುಬಾರಿ ದಾರಿಯಲ್ಲಿ ಕಲಿತಿದ್ದೆ. ಶಾಕ್ ಅಬ್ಸಾರ್ಬರ್‌ಗಳಿಗೆ ಮಾತ್ರ ಹೆಚ್ಚು ಎಣ್ಣೆ ಹಿಡಿಯುವ ದಪ್ಪ ಕೊಳವೆಯವನ್ನೇ ಆರಿಸಿದೆ. ಸ್ಪ್ರಿಂಗ್‌ನ ಕುಣಿತವನ್ನು ಅವು ಶಾಖವಾಗಿ ಬದಲಾಯಿಸುತ್ತವೆ. ಎಣ್ಣೆ ಅತಿಯಾಗಿ ಕಾದರೆ ತೆಳುವಾಗಿ, ನೊರೆಗಟ್ಟಿ, ಹಿಡಿತ ಕಳೆದುಕೊಳ್ಳುತ್ತದೆ, ಆಗ ಚಕ್ರ ನೆಲ ಬಿಟ್ಟು ಜಿಗಿಯತೊಡಗುತ್ತದೆ. ಮೊದಲ ಪ್ರಯಾಣದಲ್ಲಿ ನನ್ನ ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳ ಬಣ್ಣ ಸುಟ್ಟು ಹಪ್ಪಳೆಯೆದ್ದಿತ್ತು.

ಬ್ರೇಕಿನ ವಿಷಯ ನನ್ನನ್ನು ಈಗಲೂ ನಡುಗಿಸುತ್ತದೆ. 2150ರ ಗಾಡಿ 3220 ಆದಾಗ, ಅದೇ ವೇಗದಿಂದ ನಿಲ್ಲಿಸಲು ಬ್ರೇಕುಗಳು ಅರ್ಧದಷ್ಟು ಹೆಚ್ಚು ಶಕ್ತಿಯನ್ನು ಶಾಖ ಮಾಡಿ ಹೊರಹಾಕಬೇಕು. ಮೊದಲ ಪ್ರಯಾಣದ ಒಂದು ಉದ್ದನೆಯ ಇಳಿಜಾರಿನಲ್ಲಿ ಪೆಡಲ್ ಸ್ಪಂಜಿನ ಹಾಗೆ ಮೆದುವಾಗಿ ಕೆಳಕ್ಕೆ ಇಳಿದಿತ್ತು, ಪಕ್ಕಕ್ಕೆ ನಿಲ್ಲಿಸಿ ಅರ್ಧ ಗಂಟೆ ಕಾದ ಮೇಲೆ ಸರಿಹೋಗಿತ್ತು. ಬ್ರೇಕ್ ಫ್ಲೂಯಿಡ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಾಳಬೇಕು. ನೀರು ಹೀರಿಕೊಂಡ ಸ್ಥಿತಿಗೆ ಆ ದರ್ಜೆ ನಿಗದಿ ಮಾಡಿರುವ ಕನಿಷ್ಠ ಮಟ್ಟ 155 ಡಿಗ್ರಿ ಮಾತ್ರ. ಕುದಿದರೆ ಆವಿಯ ಗುಳ್ಳೆಗಳು ಹುಟ್ಟುತ್ತವೆ, ಕಾಲು ಒತ್ತುವುದು ಆ ಗುಳ್ಳೆಗಳನ್ನು. ನನ್ನದು ನಾಲ್ಕು ವರ್ಷ ಹಳೆಯದಾಗಿತ್ತು. ಈಗ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಾಯಿಸುತ್ತೇನೆ. ಇಳಿಜಾರಿನ ತಲೆಯಲ್ಲೇ ಕೆಳಗಿನ ಗೇರಿಗೆ ಹಾಕಿಕೊಂಡು, ತೀರಾ ಕಡಿದಾದ ಕಚ್ಚಾ ದಾರಿಯಾದರೆ ಲೋ ರೇಂಜಿಗೆ (ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಗೇರುಗಳ ಗುಂಪಿಗೆ) ಹಾಕಿಕೊಂಡು, ಗಾಡಿಯನ್ನು ಹಿಡಿದಿಡುವ ಕೆಲಸವನ್ನು ಎಂಜಿನ್ನಿಗೆ ಬಿಡುತ್ತೇನೆ.

ಟೈರುಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ನನ್ನ ಹಳೆಯ ಟೈರುಗಳ ಮೇಲೆ 112 ಎಂಬ ಭಾರಸೂಚಿ ಇತ್ತು, ಅಂದರೆ ಒಂದೊಂದು ಟೈರಿಗೆ 1120 ಕೆ.ಜಿ. ಈಗಿನವು 121, ಅಂದರೆ 1450 ಕೆ.ಜಿ.; ಲಘು ಟ್ರಕ್‌ಗಳಿಗೆಂದು ಮಾಡಿದ, ಗೋಡೆ ದಪ್ಪವಿರುವ ಟೈರುಗಳು. ಗಾಳಿಯ ಒತ್ತಡವನ್ನು ಪಿಎಸ್‌ಐನಲ್ಲಿ ಅಳೆಯುತ್ತಾರೆ; ಮೊದಲು ನಾಲ್ಕಕ್ಕೂ 45 ಪಿಎಸ್‌ಐ ತುಂಬಿಸಿ ಅದನ್ನು ಮರೆತುಬಿಡುತ್ತಿದ್ದೆ, ಕಲ್ಲು ರಸ್ತೆಯಲ್ಲೂ ಅಷ್ಟೇ. ಈಗ ಡಾಂಬರು ರಸ್ತೆಗೆ ತಣ್ಣಗಿರುವಾಗ ಮುಂದೆ 34, ಹಿಂದೆ 40 ಇಟ್ಟುಕೊಂಡು, ಒಂದು ಗಂಟೆ ಓಡಿದ ಮೇಲೆ ಮತ್ತೆ ಅಳೆಯುತ್ತೇನೆ. ಇಂಥ ಟೈರಿನಲ್ಲಿ ಸುಮಾರು 6 ಪಿಎಸ್‌ಐ ಏರಿದ್ದರೆ ಸರಿ. ಅದಕ್ಕಿಂತ ತುಂಬ ಹೆಚ್ಚು ಏರಿದ್ದರೆ ಆರಂಭದಲ್ಲಿ ಗಾಳಿ ಕಡಿಮೆಯಿತ್ತು, ಗೋಡೆಗಳು ಹೆಚ್ಚು ಮಡಚಿ ಬಿಸಿಯಾಗಿವೆ ಎಂದು ಅರ್ಥ. ಕಚ್ಚಾ ರಸ್ತೆ ಶುರುವಾದ ಕೂಡಲೇ ನಿಲ್ಲಿಸಿ ಮುಂದೆ 26, ಹಿಂದೆ 30ಕ್ಕೆ ಇಳಿಸುತ್ತೇನೆ, ವೇಗವನ್ನೂ ಗಂಟೆಗೆ 60 ಕಿಲೋಮೀಟರಿಗೆ ಇಳಿಸುತ್ತೇನೆ. ಮರಳಿನಲ್ಲಿ 16ರಿಂದ 18, ವೇಗ ಇನ್ನೂ ಕಡಿಮೆ. ಗಾಳಿ ಇಳಿಸಿದಾಗ ಟೈರು ನೆಲಕ್ಕೆ ತಾಗುವ ಜಾಗ ಮುಖ್ಯವಾಗಿ ಉದ್ದವಾಗುತ್ತದೆ, ಮರಳಿನಲ್ಲಿ ತೇಲಿಸುವುದು ಆ ಉದ್ದ. ಭಾರ ಹೊತ್ತ ಗಾಡಿಯಲ್ಲಿ ಗಾಳಿ ಇಳಿಸುವುದೂ ವೇಗ ಇಳಿಸುವುದೂ ಒಂದೇ ಕೆಲಸದ ಎರಡು ಭಾಗಗಳು, ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಟೈರು ಒಡೆಯುತ್ತದೆ.

ಹೊಳೆ ದಾಟುವವರಿಗೆ ಒಂದು ಮಾತು: ಓಡಿ ಬಿಸಿಯಾದ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರುಗಳ ಪೆಟ್ಟಿಗೆ) ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲುಗಳ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ನನ್ನದರ ಎಣ್ಣೆ ಬಿಚ್ಚಿದಾಗ ಹಾಲು ಬೆರೆತ ಹಾಗೆ ಬೆಳ್ಳಗಿತ್ತು. ಅದರೊಳಗೆ ಗಾಳಿ ಹೋಗಿಬರುವ ಬ್ರೀದರ್ ಕೊಳವೆಯನ್ನು ಎಂಜಿನ್ ಭಾಗದ ಎತ್ತರಕ್ಕೆ ಏರಿಸಿದ್ದು ಅರ್ಧ ದಿನದ ಕೆಲಸವಾಯಿತು, ಆಮೇಲೆ ಆ ತೊಂದರೆ ಬರಲಿಲ್ಲ.

ಹೂತುಹೋದ ಗಾಡಿಯನ್ನು ಎಳೆಯುವ ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಮಾಡಿಕೊಳ್ಳುವುದಿಲ್ಲ. ಮೊದಲು ಟೈರಿನ ಗಾಳಿ ಇಳಿಸಬೇಕು, ಆಮೇಲೆ ಸಲಿಕೆ ಹಿಡಿದು ಚಕ್ರದ ಮುಂದಿನ ಮಣ್ಣನ್ನೂ ಹೊಟ್ಟೆಗೆ ಆನಿಸಿದ ಮಣ್ಣನ್ನೂ ತೆಗೆಯಬೇಕು, ಆಮೇಲಷ್ಟೇ ಹಗ್ಗ. ಹಗ್ಗವನ್ನು ಚಾಸಿಗೆ ಬೋಲ್ಟ್ ಮಾಡಿದ, ಭಾರಕ್ಕೆ ತಕ್ಕ ಕೊಂಡಿಗೇ ಕಟ್ಟಬೇಕು, ಟ್ರೇಲರ್ ಎಳೆಯಲು ಇರುವ ಲೋಹದ ಗುಂಡಿಗೆ (ಟೋ ಬಾಲ್) ಎಂದೂ ಕಟ್ಟಬಾರದು. ಹಿಗ್ಗುವ ಹಗ್ಗದ ಸೆಳೆತಕ್ಕೆ ಆ ಗುಂಡು ಮುರಿದು ಹಾರಿ ಜನ ಸತ್ತಿದ್ದಾರೆ. ಮೂರು ಟನ್ ಗಾಡಿ ಕೆಸರಿನಲ್ಲಿ ಕುಳಿತಾಗ ಹಗ್ಗದಲ್ಲಿ ಸೇರುವ ಸೆಳೆತವನ್ನು ಕಣ್ಣಿನಿಂದ ಅಳೆಯಲಾಗುವುದಿಲ್ಲ. ಆದ್ದರಿಂದ ಎಳೆಯುವಾಗ ಗಾಡಿ ಓಡಿಸುವವರನ್ನು ಬಿಟ್ಟು ಉಳಿದವರೆಲ್ಲ ಹಗ್ಗದ ಉದ್ದಕ್ಕಿಂತ ದೂರ, ಅದರ ನೇರಕ್ಕೆ ಸಿಗದಂತೆ ಪಕ್ಕದಲ್ಲಿ ನಿಲ್ಲಬೇಕೆಂದು ನಾನು ಕೂಗಿ ಹೇಳುತ್ತೇನೆ.

ಎರಡನೆಯ ಪ್ರಯಾಣಕ್ಕೆ ಹೊರಟದ್ದು ಹನ್ನೊಂದು ತಿಂಗಳ ನಂತರ, ಅದೇ ರಸ್ತೆಯಲ್ಲಿ. ಪ್ರತಿ ಸಂಜೆ ಇಪ್ಪತ್ತು ನಿಮಿಷ ಗಾಡಿಗೆಂದೇ ಮೀಸಲು. ಚಕ್ರದ ನಟ್ಟುಗಳಿಗೆ ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಾಕಿ ನೋಡುವುದು, ನಾಲ್ಕೂ ಚಕ್ರಗಳ ನಡುಭಾಗದ ಹಬ್‌ಗಳಿಗೆ ಕೈ ಮುಟ್ಟಿಸಿ ಯಾವುದಾದರೂ ಒಂದು ಮಾತ್ರ ಹೆಚ್ಚು ಬಿಸಿಯಾಗಿದೆಯೇ ಎಂದು ನೋಡುವುದು, ಏರ್ ಫಿಲ್ಟರಿನ ರಬ್ಬರ್ ಅಂಚು ಸರಿಯಾಗಿ ಕೂತಿದೆಯೇ, ಅದರ ಒಳಬದಿಯಲ್ಲಿ ಧೂಳಿನ ಗೆರೆ ಇದೆಯೇ ಎಂದು ಬಿಳಿ ಬಟ್ಟೆಯಿಂದ ಒರೆಸಿ ನೋಡುವುದು, ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿದಿಡುವ ಯು-ಬೋಲ್ಟ್‌ಗಳನ್ನು ಸ್ಪ್ಯಾನರ್‌ನಿಂದ ತಟ್ಟಿ ಸದ್ದು ಕೇಳುವುದು. ಬಿಗಿಯಾದ ಬೋಲ್ಟ್ ಗಂಟೆಯ ಹಾಗೆ ಕಣಕಣ ಎನ್ನುತ್ತದೆ, ಸಡಿಲವಾದದ್ದು ಮಂದವಾಗಿ ಟಪ್ ಎನ್ನುತ್ತದೆ. ಎರಡನೆಯ ದಿನ ಎಡಗಡೆಯ ಒಂದು ಬೋಲ್ಟ್ ಹಾಗೆ ಮಂದವಾಗಿ ಸದ್ದು ಮಾಡಿತು. ಕಾಲು ಸುತ್ತು ಬಿಗಿ ಮಾಡಿದ ಮೇಲೆ ಅದರ ಸದ್ದೂ ಉಳಿದವುಗಳ ಹಾಗೆಯೇ ಆಯಿತು.

ಮೂರನೆಯ ದಿನದ ಸಂಜೆ, ಹಿಂದಿನ ಸಲ ನಾವು ತಂಗಿದ್ದ ಜಾಗದಿಂದ ಸ್ವಲ್ಪ ಮುಂದೆ ಗಾಡಿ ನಿಲ್ಲಿಸಿದೆವು. ಈ ಸಲ ನಾನು ಕೆಳಗೆ ತೂರುವ ಮೊದಲೇ ಹೆಂಡತಿ ಟಾರ್ಚ್ ತಂದು ಕೈಗೆ ಕೊಟ್ಟಳು. ಬಲಗಡೆಯ ಹಿಂದಿನ ಶಾಕ್ ಅಬ್ಸಾರ್ಬರಿನ ಹತ್ತಿರ ಮೊದಲು ಅಂಗೈ ಹಿಡಿದು, ಆಮೇಲೆ ಮೆಲ್ಲಗೆ ಮುಟ್ಟಿ ನೋಡಿದೆ. ಬಿಸಿಯಿತ್ತು, ಆದರೆ ಹತ್ತು ಎಣಿಸುವವರೆಗೂ ಕೈ ತೆಗೆಯಬೇಕೆನ್ನಿಸಲಿಲ್ಲ. ಚಾಸಿಯ ಮೇಲಿನ ಧೂಳನ್ನು ಬಟ್ಟೆಯಿಂದ ಒರೆಸಿದೆ. ಓರೆಯಾಗಿ ಕತ್ತರಿಸಿದ ಪಟ್ಟಿಯ ಸುತ್ತಲಿನ ಬೆಸುಗೆಯ ಮೇಲೆ, ಬಿರುಕನ್ನು ಬೇಗ ಗುರುತಿಸಲೆಂದು ನಾನೇ ಬಳಿದಿದ್ದ ಬಿಳಿ ಬಣ್ಣ ಎಲ್ಲಿಯೂ ಸೀಳಿರಲಿಲ್ಲ. ಬಟ್ಟೆಯಲ್ಲಿ ಬೂದು ಬಣ್ಣದ ಧೂಳು ಮಾತ್ರ ಇತ್ತು, ಕೆಂಪು ಪುಡಿ ಇರಲಿಲ್ಲ. “ಏನಾದರೂ ಇದೆಯೇ?” ಎಂದು ಹೊರಗಿನಿಂದ ಅವಳು ಕೇಳಿದಳು. ಏನೂ ಇಲ್ಲ, ನಾಳೆ ಮುಂದಕ್ಕೆ ಹೋಗೋಣ ಎಂದೆ.